ಸ್ಲೈಡ್ ಔಟ್ ಒಳಗೆ ಬರ್ತಿಲ್ವಾ? ಪಂಪ್ ಬಿಚ್ಚೋ ಮೊದಲು ಬ್ಯಾಟರಿ ನೋಡಿ

  ಇವತ್ತಿನ ವಿಷಯ ಬೆಂಗಳೂರಲ್ಲೋ ಹುಬ್ಬಳ್ಳೀಲೋ ಕೂತು ಕೇಳ್ತಿರೋರಿಗೆ ಸ್ವಲ್ಪ ಹೊಸದು ಅನ್ನಿಸಬಹುದು. ಆದ್ರೆ ನನ್ನ ಹಾಗೆ ಅಮೆರಿಕದಲ್ಲಿರೋ ಕೇಳುಗರಿಂದ ಬೇಸಿಗೆ ರಜೆ ಶುರುವಾದ್ರೆ ಸಾಕು, ಇದೇ ಪ್ರಶ್ನೆ ಬರುತ್ತೆ. "ಸ್ಲೈಡ್ ಔಟ್ ಹೊರಗೆ ಹೋಯ್ತು, ವಾಪಸ್ ಒಳಗೆ ಬರ್ತಿಲ್ಲ. ನಾಳೆ ಬೆಳಿಗ್ಗೆ ಸೈಟ್ ಖಾಲಿ ಮಾಡ್ಬೇಕು. ಏನ್ ಮಾಡೋದು?"

ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ಆರ್‌ವಿ ಅಂದ್ರೆ ಚಕ್ರದ ಮೇಲಿನ ಮನೆ. ಬಸ್ಸಿನ ಥರ ತಾನೇ ಓಡೋದು ಮೋಟರ್‌ಹೋಮ್. ಪಿಕಪ್ ಟ್ರಕ್‌ನ ಹಿಂದೆ ಕಟ್ಟಿ ಎಳೆಯೋದು ಟ್ರಾವೆಲ್ ಟ್ರೇಲರ್ ಅಥವಾ ಫಿಫ್ತ್ ವೀಲ್. ಅಮೆರಿಕದ ದೊಡ್ಡ ಹೆದ್ದಾರಿಗಳಲ್ಲಿ ಗಾಡಿಯ ಅಗಲಕ್ಕೆ ಮಿತಿ 102 ಇಂಚು, ಅಂದ್ರೆ ಎಂಟೂವರೆ ಅಡಿ. ಎಂಟೂವರೆ ಅಡಿ ಅಗಲದಲ್ಲಿ ಅಡುಗೆಮನೆ, ಸೋಫಾ, ಮಂಚ, ಊಟದ ಟೇಬಲ್ ಎಲ್ಲಾ ಇಟ್ಟು ಆಮೇಲೆ ಮನುಷ್ಯರು ಓಡಾಡೋಕೆ ಜಾಗ ಎಲ್ಲಿ? ಅದಕ್ಕೆ ಕಂಡುಕೊಂಡ ದಾರಿ ಸ್ಲೈಡ್ ಔಟ್. ಗಾಡಿ ನಿಲ್ಲಿಸಿ ಬಟನ್ ಒತ್ತಿದ್ರೆ ಗೋಡೆಯ ಒಂದು ಭಾಗ, ಅದರೊಳಗಿನ ಸೋಫಾ, ಕೆಲವು ಸಲ ಫ್ರಿಜ್ಜು ಒಲೆ ಸಮೇತ, ಡ್ರಾಯರ್ ಎಳೆದ ಹಾಗೆ ಮೂರಡಿ ಹೊರಗೆ ಸರಿಯುತ್ತೆ. 1990ರಲ್ಲಿ ಇಂಡಿಯಾನಾ ರಾಜ್ಯದ ನಪ್ಪನೀ ಅನ್ನೋ ಸಣ್ಣ ಊರಿನ ನ್ಯೂಮಾರ್ ಕಂಪನಿ ಇದನ್ನ ಆರ್‌ವಿಗಳಿಗೆ ತಂತು. ಪಕ್ಕದಲ್ಲೇ ಇರೋ ಎಲ್ಖಾರ್ಟ್ ಪಟ್ಟಣಕ್ಕೆ ಜಗತ್ತಿನ ಆರ್‌ವಿ ರಾಜಧಾನಿ ಅಂತಾನೇ ಹೆಸರು. ಇವತ್ತು ಸ್ಲೈಡ್ ಇಲ್ಲದ ದೊಡ್ಡ ಆರ್‌ವಿ ಸಿಗೋದೇ ಅಪರೂಪ.

ಅದು ಕೈಕೊಟ್ಟಾಗ ಯಾಕಿಷ್ಟು ತಲೆಬಿಸಿ ಅಂದ್ರೆ, ರೂಮ್ ಹೊರಗಿರೋವರೆಗೂ ಗಾಡಿ ಅಲುಗಾಡೋ ಹಾಗಿಲ್ಲ. ಮನೆಯ ಗೋಡೆಯೇ ಮೂರಡಿ ಆಚೆ ಇದೆ. ಕ್ಯಾಂಪ್‌ಗ್ರೌಂಡ್‌ನಲ್ಲಿ ಮಧ್ಯಾಹ್ನದೊಳಗೆ ಜಾಗ ಬಿಡಬೇಕು, ಮುಂದಿನವರು ಆಗಲೇ ಗೇಟ್ ಹತ್ತಿರ ಬಂದು ನಿಂತಿರ್ತಾರೆ. ಇಂಥ ಗಾಬರಿಯಲ್ಲೇ ಜನ ಕೈಬೆರಳು ಸಿಕ್ಕಿಸಿಕೊಳ್ಳೋದು, ಚೆನ್ನಾಗಿರೋ ಪಂಪನ್ನ ಬದಲಾಯಿಸಿ ಸಾವಿರಾರು ಡಾಲರ್ ಬಿಲ್ ಕಟ್ಟೋದು.

ಶುರು ಮಾಡೋ ಮೊದಲು ಒಂದು ವಿಷಯ ಖಚಿತ ಮಾಡ್ಕೊಳ್ಳಿ. ನಿಮ್ಮ ಸ್ಲೈಡ್ ಹೈಡ್ರಾಲಿಕ್ಕೇ ಹೌದಾ? ಎಲ್ಲವೂ ಅಲ್ಲ. ಕೆಲವು ಬರೀ ಎಲೆಕ್ಟ್ರಿಕ್ ಮೋಟರ್‌ನಿಂದ ಹಲ್ಲುಚಕ್ರ ತಿರುಗಿಸ್ತವೆ. ಕೆಲವದರಲ್ಲಿ ಗೋಡೆಯ ಎರಡೂ ಅಂಚಲ್ಲಿ ಸಣ್ಣ ಸಣ್ಣ ಮೋಟರ್ ಇರ್ತವೆ. ಇನ್ನು ಕೆಲವು ಉಕ್ಕಿನ ಕೇಬಲ್‌ನಿಂದ ಎಳೆಯೋವು. ಒಂದೇ ಗಾಡಿಯಲ್ಲಿ ಹಾಲ್‌ನ ದೊಡ್ಡ ಸ್ಲೈಡ್ ಹೈಡ್ರಾಲಿಕ್, ಬೆಡ್‌ರೂಮಿಂದು ಎಲೆಕ್ಟ್ರಿಕ್ ಅನ್ನೋದೂ ಉಂಟು. ಹೊರಗಿನ ಸಾಮಾನಿನ ಡಬ್ಬಿಗಳ ಬಾಗಿಲು ಒಂದೊಂದೇ ತೆಗೆದು ನೋಡಿ. ಎಲ್ಲೋ ಒಂದು ಕಡೆ ಮೋಟರ್, ಅದಕ್ಕೆ ಅಂಟಿಕೊಂಡ ಪ್ಲಾಸ್ಟಿಕ್ ಅಥವಾ ಲೋಹದ ಎಣ್ಣೆ ಟ್ಯಾಂಕು, ಅಲ್ಲಿಂದ ಹೊರಟ ದಪ್ಪ ಹೋಸ್‌ಗಳು ಕಂಡ್ರೆ ಅದು ಹೈಡ್ರಾಲಿಕ್. ಕಂಡ ಕೂಡಲೇ ಫೋನಲ್ಲಿ ಒಂದು ಫೋಟೋ ತೆಗೆದಿಟ್ಕೊಳ್ಳಿ, ಲೇಬಲ್ ಓದೋ ಹಾಗೆ. ಆ ಫೋಟೋ ಎಷ್ಟು ಉಪಯೋಗಕ್ಕೆ ಬರುತ್ತೆ ಅಂತ ಮುಂದೆ ಹೇಳ್ತೀನಿ.

ಇದು ಕೆಲಸ ಮಾಡೋ ರೀತಿ ನಮಗೆಲ್ಲ ಕಂಡು ಗೊತ್ತಿರೋದೇ. ಜೆಸಿಬಿ ಬಕೆಟ್ ಎತ್ತುತ್ತಲ್ಲ, ಟಿಪ್ಪರ್ ಲಾರಿ ಜಲ್ಲಿ ಸುರಿಯುತ್ತಲ್ಲ, ಅದೇ ವಿದ್ಯೆ. ಹೈಸ್ಕೂಲ್ ವಿಜ್ಞಾನದ ಪ್ಯಾಸ್ಕಲ್ ನಿಯಮ. ಪಂಪು ಎಣ್ಣೆಯನ್ನ ಒತ್ತಡದಲ್ಲಿ ಸಿಲಿಂಡರ್‌ಗೆ ತಳ್ಳುತ್ತೆ, ಒಳಗಿನ ಪಿಸ್ಟನ್ ಸರಿಯುತ್ತೆ, ಅದಕ್ಕೆ ಕಟ್ಟಿದ ರೂಮೂ ಸರಿಯುತ್ತೆ. ವಾಪಸ್ ಬರಬೇಕು ಅಂದ್ರೆ ಪಿಸ್ಟನ್ನಿನ ಆ ಕಡೆಯಿಂದ ಎಣ್ಣೆ ತಳ್ಳಬೇಕು. ಎಣ್ಣೆ ಯಾವ ರೂಮಿಗೆ, ಯಾವ ಕಡೆಗೆ ಹೋಗಬೇಕು ಅನ್ನೋದನ್ನ ತೀರ್ಮಾನ ಮಾಡೋದು ವಾಲ್ವ್‌ಗಳು.

ಆದ್ರೆ ಜೆಸಿಬಿಗೂ ಆರ್‌ವಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಜೆಸಿಬಿಯ ಪಂಪು ತಿರುಗೋದು ಡೀಸೆಲ್ ಇಂಜಿನ್ನಿಂದ. ಆರ್‌ವಿಯಲ್ಲಿ ಸಾಮಾನ್ಯವಾಗಿ ಪಂಪ್ ತಿರುಗಿಸೋದು 12 ವೋಲ್ಟ್‌ನ ಒಂದು ಡಿಸಿ ಮೋಟರ್, ಅದಕ್ಕೆ ಕರೆಂಟು ಬ್ಯಾಟರಿಯಿಂದ. ಹೆಸರು ಹೈಡ್ರಾಲಿಕ್ ಅಂತ ಇದ್ರೂ ಅದರ ಜೀವ ಇರೋದು ಬ್ಯಾಟರಿಯಲ್ಲಿ. ಹಾಗಾಗಿ ಸ್ಲೈಡ್ ನಿಂತಾಗ ನಾನು ಮೊದಲು ನೋಡೋದು ಎಣ್ಣೆಯನ್ನಲ್ಲ, ಕರೆಂಟನ್ನ. ಅದಕ್ಕೆ ಖರ್ಚು ಕಡಿಮೆ, ಹತ್ತು ನಿಮಿಷದಲ್ಲಿ ಗೊತ್ತಾಗುತ್ತೆ, ಬಹಳಷ್ಟು ಸಲ ತೊಂದರೆ ಅಲ್ಲೇ ಇರುತ್ತೆ.

ಇಲ್ಲಿ ಎಲ್ಲರೂ ಕೇಳೋ ಪ್ರಶ್ನೆ ಒಂದಿದೆ. "ನಾವು ಕ್ಯಾಂಪ್‌ಗ್ರೌಂಡ್‌ನ ಕರೆಂಟಿಗೆ ಪ್ಲಗ್ ಹಾಕಿದೀವಿ, ಲೈಟ್ ಉರೀತಿದೆ, ಎಸಿ ಓಡ್ತಿದೆ, ಮತ್ತೆ ಸ್ಲೈಡಿಗೆ ಯಾಕೆ ಕರೆಂಟ್ ಸಾಲಲ್ಲ?" ಎಸಿ ಓಡೋದು ನೇರವಾಗಿ 120 ವೋಲ್ಟ್‌ನಲ್ಲಿ. ಪಂಪಿಗೆ ಬೇಕಾಗಿರೋದು 12 ವೋಲ್ಟ್. ಹೊರಗಿನ ಕರೆಂಟನ್ನ 12 ವೋಲ್ಟಿಗೆ ಇಳಿಸೋ ಕನ್ವರ್ಟರ್ ಗಾಡಿಯಲ್ಲಿ ಇರುತ್ತೆ, ಆದ್ರೆ ಅದರ ಶಕ್ತಿ 45, 55 ಆಂಪ್ ಹೀಗೆ. ತುಂಬಿದ ರೂಮನ್ನ ತಳ್ಳೋವಾಗ ಪಂಪ್ ಮೋಟರ್ ಅದಕ್ಕಿಂತ ಎಷ್ಟೋ ಹೆಚ್ಚು ಎಳೆಯುತ್ತೆ. ಆ ಕೊರತೆ ತುಂಬೋದು ಬ್ಯಾಟರಿ. ಬ್ಯಾಟರಿ ಸತ್ತಿದ್ರೆ ಕನ್ವರ್ಟರ್ ಒಬ್ಬನೇ ಹೊರೋಕಾಗಲ್ಲ. ಮದುವೆ ಮನೆಯ ಹಂಡೆಯನ್ನ ಒಬ್ಬನೇ ಎತ್ತೋಕೆ ಹೋದ ಹಾಗೆ. ಒಂದು ಎಲ್‌ಇಡಿ ಬಲ್ಬು ಉರಿಯೋಕೆ ಬೇಕಾದಷ್ಟು ಜೀವ ಸಾಯ್ತಿರೋ ಬ್ಯಾಟರಿಯಲ್ಲೂ ಇರುತ್ತೆ. ಅದಕ್ಕೇ "ಲೈಟ್ ಉರೀತಿದೆ, ಬ್ಯಾಟರಿ ಚೆನ್ನಾಗಿದೆ" ಅನ್ನೋ ಮಾತನ್ನ ನಾನು ಲೆಕ್ಕಕ್ಕೆ ಇಟ್ಕೊಳ್ಳಲ್ಲ.

ಇನ್ನೊಂದು ಸಣ್ಣ ವಿಷಯ ಮುಗಿಸಿಬಿಡ್ತೀನಿ. ಏನೂ ಅಳೆಯೋ ಮೊದಲು ಗಾಡಿಯ ಸುತ್ತ ಒಂದು ಸುತ್ತು ಬನ್ನಿ. ಸ್ಲೈಡಿನ ಮೇಲಿನ ಬಟ್ಟೆ ಹೊದಿಕೆಯಲ್ಲಿ ಮಳೆನೀರು ನಿಂತಿದೆಯಾ, ಕೊಂಬೆ ಬಿದ್ದಿದೆಯಾ, ಒಳಗೆ ಕಪಾಟಿನ ಬಾಗಿಲು ತೆರೆದುಕೊಂಡು ಅಡ್ಡ ಬಂದಿದೆಯಾ, ಮಕ್ಕಳ ಚಪ್ಪಲಿ ಸ್ಲೈಡಿನ ಕೆಳಗೆ ಸೇರಿಕೊಂಡಿದೆಯಾ ನೋಡಿ. ರೂಮ್ ಹೊರಗೇ ಹೋಗ್ತಿಲ್ಲ ಅನ್ನೋದಾದ್ರೆ ಪ್ರಯಾಣಕ್ಕೆ ಹಾಕೋ ಲಾಕ್ ತೆಗೆದಿದೀರಾ ಅಂತ ನೋಡಿ. ಕೆಲವು ಮೋಟರ್‌ಹೋಮ್‌ಗಳಲ್ಲಿ ಪಾರ್ಕಿಂಗ್ ಬ್ರೇಕ್ ಹಾಕದೆ ಸ್ಲೈಡ್ ಕೆಲಸ ಮಾಡೋದೇ ಇಲ್ಲ. ಕೆಲವದರಲ್ಲಿ ಕೀ ಇಂಥ ಜಾಗದಲ್ಲೇ ಇರಬೇಕು ಅಂತ ಇರುತ್ತೆ. ಬ್ಯಾಟರಿ ಡಿಸ್‌ಕನೆಕ್ಟ್ ಸ್ವಿಚ್ ಯಾರಾದ್ರೂ ಆಫ್ ಮಾಡಿದಾರಾ ಅನ್ನೋದನ್ನೂ ನೋಡಿಬಿಡಿ. ಇವೆಲ್ಲ ಕೇಳೋಕೆ ಬಾಲಿಶ, ಆದ್ರೆ ಮೆಕ್ಯಾನಿಕ್ ಬಂದು ಬ್ರೇಕ್ ಎಳೆದು ಒಂದು ಗಂಟೆಯ ಚಾರ್ಜ್ ತಗೊಂಡು ಹೋದ್ರೆ ಇನ್ನೂ ಬೇಜಾರಾಗುತ್ತೆ.

ಈಗ ಮುಖ್ಯ ಕೆಲಸ. ಒಬ್ಬರು ಒಳಗೆ ಬಟನ್ ಹತ್ತಿರ, ಒಬ್ಬರು ಹೊರಗೆ ಪಂಪ್ ಹತ್ತಿರ ನಿಲ್ಲಿ. ಮಕ್ಕಳು, ನಾಯಿ ಯಾರೂ ಸ್ಲೈಡಿನ ಅಂಚಲ್ಲಿ ಇರಬಾರದು. ನೂರಾರು ಕೆಜಿ ತೂಕದ ರೂಮದು, ಮಧ್ಯೆ ಯಾರ ಕೈ ಇದೆ ಅಂತ ಅದಕ್ಕೆ ಗೊತ್ತಾಗಲ್ಲ. ಈಗ ಬಟನ್ ಒತ್ತಿ, ಕಿವಿ ಕೊಟ್ಟು ಕೇಳಿ. ಸದ್ದೇ ಅರ್ಧ ಉತ್ತರ ಹೇಳುತ್ತೆ.

ಏನೂ ಸದ್ದಿಲ್ಲ ಅಂದ್ರೆ ಕರೆಂಟು ಪಂಪಿನವರೆಗೆ ಬರೋದಿರಲಿ, ಅದನ್ನ ಎಬ್ಬಿಸೋ ಸಿಗ್ನಲ್ಲೇ ತಲುಪಿಲ್ಲ. ಫ್ಯೂಸ್, ಬ್ರೇಕರ್, ಸ್ವಿಚ್, ಆಗಲೇ ಹೇಳಿದ ಪಾರ್ಕಿಂಗ್ ಬ್ರೇಕ್, ಈ ಕಡೆ ಹುಡುಕಿ. "ಟಕ್" ಅಂತ ಒಂದು ಸದ್ದು ಬಂದು ಮೋಟರ್ ತಿರುಗಲಿಲ್ಲ ಅಂದ್ರೆ, ಆ ಟಕ್ ಅನ್ನೋದು ಸೊಲೆನಾಯ್ಡ್. ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನ ಆನ್ ಮಾಡೋ ಸ್ವಿಚ್ಚು ಅದು, ಬೈಕ್ ಸ್ಟಾರ್ಟರ್‌ನಲ್ಲಿ ಇರುತ್ತಲ್ಲ ಹಾಗೆ. ಅದು ತನ್ನ ಕೆಲಸ ಮಾಡೋಕೆ ಹೊರಟಿದೆ, ಹಿಂದೆ ಬಲ ಇಲ್ಲ. ಬ್ಯಾಟರಿ ಇಳಿದಿದೆ, ಟರ್ಮಿನಲ್ ಸಡಿಲ ಆಗಿದೆ, ಇಲ್ಲಾ ಸೊಲೆನಾಯ್ಡ್ ಒಳಗಿನ ಸಂಪರ್ಕ ಸುಟ್ಟಿದೆ. "ಟಕ್ ಟಕ್ ಟಕ್" ಅಂತ ಒಂದೇ ಸಮ ಹೊಡೆದುಕೊಂಡ್ರೆ ಬ್ಯಾಟರಿ ಮೇಲೇ ನನ್ನ ಅನುಮಾನ. ಮೋಟರ್ ಜೋರಾಗಿ, ಹಗುರಾಗಿ ತಿರುಗ್ತಿದೆ, ರೂಮ್ ಮಾತ್ರ ಅಲ್ಲಾಡ್ತಿಲ್ಲ ಅಂದ್ರೆ ಆಗ ಎಣ್ಣೆ, ವಾಲ್ವು, ಮೋಟರ್‌ಗೂ ಪಂಪಿಗೂ ನಡುವಿನ ಜೋಡಣೆ, ಇವುಗಳ ಸರದಿ. ಮೋಟರ್ ನರಳಿಕೊಂಡು, ಏದುಸಿರು ಬಿಡೋ ಹಾಗೆ ತಿರುಗಿದ್ರೆ ಎರಡರಲ್ಲಿ ಒಂದು. ವೋಲ್ಟೇಜ್ ಸಾಲ್ತಿಲ್ಲ, ಅಥವಾ ರೂಮ್ ಎಲ್ಲೋ ಸಿಕ್ಕಿಹಾಕಿಕೊಂಡಿದೆ. ಸಿಕ್ಕಿಕೊಂಡಿದ್ದರ ಮೇಲೆ ಮತ್ತೆ ಮತ್ತೆ ಬಟನ್ ಒತ್ತಬೇಡಿ. ಹೈಡ್ರಾಲಿಕ್ಕಿಗೆ ಬಲ ಇದೆ, ಬುದ್ಧಿ ಇಲ್ಲ. ಅಡ್ಡ ಬಂದ ಕಪಾಟನ್ನ ಸೀಳಿಕೊಂಡು ಹೋಗುತ್ತೆ.

ಆಮೇಲೆ ಮಲ್ಟಿಮೀಟರ್. ಇಪ್ಪತ್ತು ಡಾಲರ್ ಒಳಗೇ ಸಿಗುತ್ತೆ, ಆರ್‌ವಿ ಇಟ್ಕೊಂಡೋರ ಹತ್ತಿರ ಇದಿಲ್ಲ ಅಂದ್ರೆ ನನಗೆ ಆಶ್ಚರ್ಯ. ಚಾರ್ಜರ್ ತೆಗೆದು ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟ ಲೆಡ್ ಆಸಿಡ್ ಬ್ಯಾಟರಿ ತುಂಬಿದ್ರೆ ಸುಮಾರು 12.6 ವೋಲ್ಟ್ ತೋರಿಸಬೇಕು. 12.2ರ ಆಸುಪಾಸು ಅಂದ್ರೆ ಅರ್ಧ. 12ಕ್ಕಿಂತ ಕೆಳಗೆ ಅಂದ್ರೆ ಇವತ್ತು ಅದರಿಂದ ಕೆಲಸ ನಿರೀಕ್ಷೆ ಮಾಡಬೇಡಿ. ಆದ್ರೆ ಸುಮ್ಮನಿರೋ ಬ್ಯಾಟರಿಯನ್ನ ಅಳೆದು ಬಿಟ್ಟರೆ ಸಾಲದು. ಒಳಗಿನವರು ಬಟನ್ ಒತ್ತಿದ ಹೊತ್ತಲ್ಲೇ ಅಳೆಯಬೇಕು. ಸುಮ್ಮನಿದ್ದಾಗ 12.5 ತೋರಿಸಿದ್ದು, ಒತ್ತಿದ ಕೂಡಲೇ 9ಕ್ಕೋ 10ಕ್ಕೋ ಕುಸಿದ್ರೆ ಬ್ಯಾಟರಿ ಒಳಗೇ ಸತ್ತಿದೆ. ಬ್ಯಾಟರಿಯಲ್ಲಿ ಚೆನ್ನಾಗಿ ಉಳಿದಿದೆ, ಅದೇ ಹೊತ್ತಲ್ಲಿ ಪಂಪ್ ಮೋಟರ್‌ನ ತುದಿಯಲ್ಲಿ ಅಳೆದ್ರೆ ಒಂದು ವೋಲ್ಟ್‌ಗಿಂತ ಜಾಸ್ತಿ ಕಡಿಮೆ ಇದೆ ಅಂದ್ರೆ, ಆ ವೋಲ್ಟು ದಾರಿಯಲ್ಲಿ ಕಳೆದುಹೋಗ್ತಿದೆ. ಬಿಳಿ, ಹಸಿರು ಪುಡಿ ಕಟ್ಟಿದ ಟರ್ಮಿನಲ್, ಸಡಿಲ ನಟ್ಟು, ತುಕ್ಕು ಹಿಡಿದ ಅರ್ತ್ ಬೋಲ್ಟು. ಅರ್ತ್ ವೈರನ್ನ ಎಲ್ಲರೂ ಮರೀತಾರೆ. ಚಾಸಿಗೆ ಬೋಲ್ಟ್ ಮಾಡಿರ್ತಾರೆ, ಮಳೆ, ಹಿಮದ ಕಾಲದಲ್ಲಿ ರಸ್ತೆಗೆ ಸುರಿಯೋ ಉಪ್ಪು, ಎರಡೂ ಸೇರಿ ನಾಲ್ಕು ವರ್ಷದಲ್ಲಿ ಅದನ್ನ ತಿಂದುಹಾಕಿರ್ತವೆ. ಬ್ಯಾಟರಿ ಸಂಪರ್ಕ ತಪ್ಪಿಸಿ, ಬ್ರಷ್ ಹಾಕಿ ಉಜ್ಜಿ, ಬಿಗಿಯಾಗಿ ಕಟ್ಟಿ. ಎಷ್ಟೋ "ಕೆಟ್ಟ" ಪಂಪುಗಳು ಇಷ್ಟಕ್ಕೇ ಎದ್ದು ಕೂರ್ತವೆ.

ಬ್ಯಾಟರಿ ಇಳಿದಿರೋದೇ ಕಾರಣ ಅಂತಾದ್ರೆ ತಾತ್ಕಾಲಿಕ ಉಪಾಯಗಳಿವೆ. ಕೆಲವು ಮೋಟರ್‌ಹೋಮ್‌ಗಳಲ್ಲಿ ಇಂಜಿನ್ ಬ್ಯಾಟರಿ, ಮನೆ ಬ್ಯಾಟರಿ ಎರಡನ್ನೂ ಸ್ವಲ್ಪ ಹೊತ್ತು ಜೋಡಿಸೋ ಬಟನ್ ಡ್ಯಾಶ್‌ಬೋರ್ಡ್‌ನಲ್ಲೇ ಇರುತ್ತೆ. ಎಳೆಯೋ ಟ್ರೇಲರ್ ಆದ್ರೆ ಟ್ರಕ್‌ನಿಂದ ಜಂಪರ್ ಕೇಬಲ್ ಕೊಟ್ಟು, ಅರ್ಧ ಗಂಟೆ ಚಾರ್ಜ್ ಆಗೋಕೆ ಬಿಟ್ಟು ಆಮೇಲೆ ಪ್ರಯತ್ನ ಮಾಡಿ. ಟ್ರೇಲರಿನ ಏಳು ಪಿನ್ನಿನ ಪ್ಲಗ್‌ನಿಂದ ಬರೋ ಚಾರ್ಜು ತೀರಾ ಸಣ್ಣದು, ಅದನ್ನ ನಂಬಿಕೊಂಡು ಕೂರಬೇಡಿ.

ಸರಿ, ಕರೆಂಟು ಚೆನ್ನಾಗಿದೆ. ಈಗ ಎಣ್ಣೆ. ಹೆಚ್ಚಿನ ಗಾಡಿಗಳಲ್ಲಿ ಬಳಸೋದು ಕೆಂಪು ಬಣ್ಣದ ಎಟಿಎಫ್, ಅಂದ್ರೆ ಕಾರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕೋ ಎಣ್ಣೆ. ಯಾವ ಥರದ್ದು ಅಂತ ಮ್ಯಾನುವಲ್‌ನಲ್ಲಿ, ಟ್ಯಾಂಕಿನ ಲೇಬಲ್ಲಲ್ಲಿ ಬರೆದಿರುತ್ತೆ, ಅದನ್ನೇ ಹಾಕಿ. ಬ್ರೇಕ್ ಆಯಿಲ್ ಯಾವ ಕಾರಣಕ್ಕೂ ಬೇಡ, ಸೀಲ್‌ಗಳು ಊದಿಕೊಂಡು ಹಾಳಾಗ್ತವೆ.

ಎಣ್ಣೆಯ ಮಟ್ಟ ನೋಡೋದ್ರಲ್ಲಿ ಒಂದು ಸೂಕ್ಷ್ಮ ಇದೆ. ಎಲ್ಲಾ ಸ್ಲೈಡು, ಎಲ್ಲಾ ಜಾಕು ಒಳಗಿದ್ದಾಗಲೇ ನೋಡಬೇಕು. ರೂಮ್ ಹೊರಗಿದ್ರೆ ಎಣ್ಣೆಯ ಒಂದು ಪಾಲು ಸಿಲಿಂಡರ್‌ಗಳ ಒಳಗಿರುತ್ತೆ, ಟ್ಯಾಂಕಲ್ಲಿ ಕಡಿಮೆ ಕಾಣೋದು ಸಹಜ. ಅದನ್ನ ನೋಡಿ ಕತ್ತಿನವರೆಗೆ ತುಂಬಿಸಿದ್ರೆ ರೂಮ್ ಒಳಗೆ ಬಂದಾಗ ಆ ಎಣ್ಣೆ ಎಲ್ಲಾ ವಾಪಸ್ ಬಂದು ಮೇಲಿನಿಂದ ಉಕ್ಕುತ್ತೆ. ರೂಮ್ ಹೊರಗೇ ಸಿಕ್ಕಿಕೊಂಡಿದ್ದಾಗ ಏನು ಮಾಡೋದು? ಪಂಪ್ ಗಾಳಿ ಎಳೆಯದೆ ಇರೋಷ್ಟು, ಸ್ವಲ್ಪ ಸ್ವಲ್ಪವೇ ಹಾಕಿ, ರೂಮ್ ಒಳಗೆ ಬಂದ ಮೇಲೆ ಮಟ್ಟ ಸರಿ ಮಾಡಿ. ಇನ್ನೊಂದು ಮಾತು. ಇದು ಇಂಜಿನ್ ಆಯಿಲ್ ಅಲ್ಲ, ಉರಿದು ಕಡಿಮೆ ಆಗಲ್ಲ. ಮುಚ್ಚಿದ ವ್ಯವಸ್ಥೆ. ಎಣ್ಣೆ ಕಡಿಮೆ ಆಗಿದೆ ಅಂದ್ರೆ ಎಲ್ಲೋ ಸೋರ್ತಿದೆ. ತುಂಬಿಸಿ ಸುಮ್ಮನಾಗೋದು ಪರಿಹಾರ ಅಲ್ಲ.

ಸೋರಿಕೆ ಅಂದಾಗ ಒಂದು ವಿಷಯ ಹೇಳಲೇಬೇಕು. ಎರಡು ವರ್ಷದ ಹಿಂದೆ ನಮ್ಮಪ್ಪ ಹಾಸನದ ಕಡೆಯ ಊರಿಂದ ಬಂದಿದ್ರು. ನಮ್ಮ ಹಳೇ ಫಿಫ್ತ್ ವೀಲ್‌ನಲ್ಲಿ ಎಲ್ಲರೂ ಅರಿಜೋನಾ ಕಡೆ ಹೋಗಿದ್ವಿ. ಅಪ್ಪ ಜೀವನವಿಡೀ ಟ್ರ್ಯಾಕ್ಟರ್ ಓಡಿಸಿದವರು. ಪಂಪಿನ ಡಬ್ಬಿ ತೆಗೆದು ತೋರಿಸಿದ ಕೂಡಲೇ ನಕ್ಕುಬಿಟ್ರು.

"ಏನೋ ಇದು, ನಮ್ಮ ಟ್ರೇಲರ್ ಎತ್ತೋ ಜಾಕ್ ಥರಾನೇ ಐತಲ್ಲೋ."

"ಅದೇ ಅಪ್ಪಾ, ಮಲಗಿಸಿ ಇಟ್ಟಿದಾರೆ ಅಷ್ಟೇ."

ಅವತ್ತು ಸ್ಲೈಡ್ ಒಳಗೆ ಎಳೆಯೋವಾಗ ಕೆಳಗಿನ ಒಂದು ಹೋಸ್ ಹತ್ತಿರ ಕೆಂಪಗೆ ಒದ್ದೆ ಕಾಣಿಸ್ತು. ಹೆಂಡತಿ ಒಳಗೆ ಬಟನ್ ಒತ್ತಿ ಹಿಡಿದಿದ್ಲು, ಒತ್ತಡ ಪೂರ್ತಿ ಇದೆ. ಎಲ್ಲಿಂದ ಬರ್ತಿದೆ ನೋಡೋಣ ಅಂತ ಅಪ್ಪ ಹೋಸಿನ ಉದ್ದಕ್ಕೂ ಕೈಯಾಡಿಸೋಕೆ ಬಗ್ಗಿದ್ರು.

"ಅಪ್ಪಾ, ಕೈ ತೆಗೀರಿ! ಮುಟ್ಟಬೇಡಿ ಅದನ್ನ."

"ಯಾಕೋ? ನಾನೇನು ಹೊಸಬನಾ? ಊರಲ್ಲಿ ದಿನಾ ಮುಟ್ಟಿಲ್ವಾ?"

"ಮೊದಲು ಈಚೆ ಬನ್ನಿ, ಆಮೇಲೆ ಹೇಳ್ತೀನಿ."

ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ. ಈ ಪಂಪುಗಳು ಚದರ ಇಂಚಿಗೆ ಸಾವಿರ ಪೌಂಡ್‌ಗೂ ಮೀರಿದ ಒತ್ತಡ ಕೊಡ್ತವೆ. ಕಾರಿನ ಟೈರಲ್ಲಿ ಇರೋದು ಮೂವತ್ತು ಚಿಲ್ಲರೆ. ಹೋಸಲ್ಲಿ ಸೂಜಿಮೊನೆಯಷ್ಟು ತೂತು ಬಿದ್ರೆ ಅಲ್ಲಿಂದ ಬರೋ ಎಣ್ಣೆಯ ಎಳೆ ಕಣ್ಣಿಗೆ ಕಾಣದೇ ಇರಬಹುದು, ಆದ್ರೆ ಚರ್ಮ ತೂರಿಕೊಂಡು ಒಳಗೆ ಹೋಗುತ್ತೆ. ಹೊರಗೆ ನೋಡಿದ್ರೆ ಬರೀ ಸೂಜಿ ಚುಚ್ಚಿದ ಗುರುತು, ಮೊದಮೊದಲು ನೋವೂ ಅಷ್ಟಾಗಿ ಇರಲ್ಲ. ಒಳಗೆ ಎಣ್ಣೆ ಮಾಂಸವನ್ನ ಕೊಳೆಸ್ತಾ ಹೋಗುತ್ತೆ. ತಡ ಮಾಡಿದ್ರೆ ಬೆರಳೋ ಕೈಯೋ ಕಳಕೊಳ್ಳೋ ಪರಿಸ್ಥಿತಿ ಬರುತ್ತೆ. ಹಾಗೇನಾದ್ರೂ ಆದ್ರೆ ಗಾಯ ಸಣ್ಣದಿದೆ ಅಂತ ಬ್ಯಾಂಡೇಜ್ ಹಾಕಿ ಕೂರಬೇಡಿ, ನೇರ ಎಮರ್ಜೆನ್ಸಿಗೆ ಹೋಗಿ, ಹೈಡ್ರಾಲಿಕ್ ಎಣ್ಣೆ ಒತ್ತಡದಲ್ಲಿ ಚರ್ಮದೊಳಗೆ ಹೋಗಿದೆ ಅಂತ ಸ್ಪಷ್ಟವಾಗಿ ಹೇಳಿ. ಇದು ಊರಲ್ಲಿ ಟ್ರ್ಯಾಕ್ಟರ್, ಜೆಸಿಬಿ ಕೆಲಸ ಮಾಡೋರಿಗೂ ಅಷ್ಟೇ ನಿಜ. ಈ ಸಂಚಿಕೆಯ ಉಳಿದದ್ದು ಬೇಡ ಅನ್ನಿಸಿದ್ರೂ ಇದೊಂದನ್ನ ಮನೇಲಿರೋ ಡ್ರೈವರಣ್ಣಂದಿರಿಗೆ ಕಳಿಸಿ.

ಸೋರಿಕೆ ಹುಡುಕೋ ಸರಿಯಾದ ಕ್ರಮ ಇಷ್ಟೇ. ಪಂಪ್ ನಿಲ್ಲಿಸಿ, ಒದ್ದೆ ಎಲ್ಲಾ ಒರೆಸಿ, ಕನ್ನಡಕ ಹಾಕ್ಕೊಂಡು, ಉದ್ದನೆಯ ರಟ್ಟಿನ ತುಂಡೊಂದನ್ನ ದೂರದಿಂದ ಹಿಡಿದು ನೋಡಿ. ರಟ್ಟಿನ ಮೇಲೆ ಕೆಂಪು ಗೆರೆ ಬಿದ್ರೆ ಜಾಗ ಸಿಕ್ಕಿತು. ಒತ್ತಡ ಪೂರ್ತಿ ಇಳಿಸದೆ ಯಾವ ಜಾಯಿಂಟಿಗೂ ಸ್ಪ್ಯಾನರ್ ಹಾಕಬೇಡಿ. ಅವತ್ತು ನಮ್ಮದು ಒಂದು ಫಿಟ್ಟಿಂಗ್ ಸಡಿಲ ಆಗಿತ್ತು. ಪಂಪ್ ನಿಲ್ಲಿಸಿ, ಮ್ಯಾನುವಲ್ ನೋಡಿ ಒತ್ತಡ ಇಳಿಸಿ, ಅಪ್ಪನೇ ಬಿಗಿ ಮಾಡಿದ್ರು. ಸ್ಪ್ಯಾನರ್ ಹಿಡಿಯೋ ವಿಷಯದಲ್ಲಿ ನಾನು ಅವರ ಹತ್ತಿರ ಬರಲ್ಲ.

ಎಣ್ಣೆ ಕಡಿಮೆಯಾಗಿ ಪಂಪ್ ಗಾಳಿ ಎಳೆದುಕೊಂಡಿದ್ರೆ ರೂಮ್ ನಡುಗ್ತಾ, ಜಗ್ಗುತ್ತಾ ಬರುತ್ತೆ, ಟ್ಯಾಂಕಲ್ಲಿ ಎಣ್ಣೆ ನೊರೆನೊರೆಯಾಗಿ ಕಾಣುತ್ತೆ. ಗಾಳಿ ಅದುಮಿದ್ರೆ ಕುಗ್ಗುತ್ತೆ, ಎಣ್ಣೆ ಕುಗ್ಗಲ್ಲ, ಅದಕ್ಕೇ ಈ ಜಗ್ಗಾಟ. ಬಹಳಷ್ಟು ಗಾಡಿಗಳಲ್ಲಿ ಇದಕ್ಕೆ ದೊಡ್ಡ ಚಿಕಿತ್ಸೆ ಬೇಡ. ಎಣ್ಣೆಯ ಮಟ್ಟ ಸರಿಮಾಡಿ, ರೂಮನ್ನ ಪೂರ್ತಿ ಹೊರಗೆ, ಪೂರ್ತಿ ಒಳಗೆ ನಾಲ್ಕಾರು ಸಲ ಓಡಿಸಿದ್ರೆ ಗಾಳಿ ಟ್ಯಾಂಕಿಗೆ ಬಂದು ಹೊರಟುಹೋಗುತ್ತೆ. ನಡುನಡುವೆ ನೊರೆ ಇಳಿಯೋಕೆ ಸ್ವಲ್ಪ ಹೊತ್ತು ಬಿಡಿ. ಇದೇ ಸಂದರ್ಭದಲ್ಲಿ ಒಂದು ಅಭ್ಯಾಸ: ರೂಮ್ ಕೊನೆ ಮುಟ್ಟಿದ ತಕ್ಷಣ ಬಟನ್ ಬಿಡಬೇಡಿ, ಇನ್ನೂ ಮೂರ್ನಾಲ್ಕು ಸೆಕೆಂಡ್ ಹಿಡೀರಿ. ಹೈಡ್ರಾಲಿಕ್ ಸ್ಲೈಡಲ್ಲಿ ಆ ಕೊನೆಯ ಒತ್ತಡವೇ ರೂಮನ್ನ ಸೀಲ್‌ಗೆ ಬಿಗಿಯಾಗಿ ಒತ್ತಿ ಹಿಡಿಯೋದು. ಬೇಗ ಬಿಟ್ಟರೆ ಅಂಚಲ್ಲಿ ಬೆಳಕಿನ ಗೆರೆ ಕಾಣುತ್ತೆ, ಮಳೆ ಬಂದಾಗ ನೀರು ಅಲ್ಲಿಂದಲೇ ಒಳಗೆ. ಸ್ಲೈಡಿನ ಅಂಚಿನ ಪ್ಲೈವುಡ್ ಒಮ್ಮೆ ನೀರು ಕುಡಿದು ಮೆತ್ತಗಾಯ್ತು ಅಂದ್ರೆ ಆ ರಿಪೇರಿ ಮುಂದೆ ಪಂಪಿನ ಬಿಲ್ ಏನೂ ಅಲ್ಲ.

ಇನ್ನೊಂದು ಥರದ ದೂರು. "ಹೊರಡೋವಾಗ ಒಳಗೇ ಇತ್ತು, ನೂರು ಮೈಲಿ ಹೋಗಿ ಇಳಿದು ನೋಡಿದ್ರೆ ಎರಡಿಂಚು ಹೊರಗೆ ಬಂದಿದೆ." ಹೊರಗೆಲ್ಲೂ ಎಣ್ಣೆ ಸೋರಿಲ್ಲ. ಇದು ಒಳಸೋರಿಕೆ. ವಾಲ್ವ್ ಪೂರ್ತಿ ಮುಚ್ಚಿಕೊಳ್ತಿಲ್ಲ, ಅಥವಾ ಸಿಲಿಂಡರ್ ಒಳಗಿನ ಪಿಸ್ಟನ್ ಸೀಲ್ ಸವೆದು ಎಣ್ಣೆ ಈ ಕಡೆಯಿಂದ ಆ ಕಡೆಗೆ ನುಸುಳ್ತಿದೆ. ಎಣ್ಣೆಯಲ್ಲಿರೋ ಒಂದು ಚೂರು ಕಸ ವಾಲ್ವಿನ ಬಾಯಲ್ಲಿ ಕೂತ್ರೂ ಹೀಗಾಗುತ್ತೆ. ಇದನ್ನ ಕ್ಯಾಂಪ್‌ಗ್ರೌಂಡಲ್ಲಿ ಬಿಚ್ಚೋ ಕೆಲಸ ಅಲ್ಲ. ನಿಮ್ಮ ಗಾಡಿಗೆ ಟ್ರಾವೆಲ್ ಲಾಕ್ ಇದ್ರೆ ಹಾಕಿ, ನಿಧಾನ ಹೋಗಿ, ಆಗಾಗ ನಿಲ್ಲಿಸಿ ನೋಡಿ, ಗ್ಯಾರೇಜ್ ಮುಟ್ಟಿಸಿ.

ರೂಮಿನ ಒಂದು ತುದಿ ಮುಂದೆ, ಇನ್ನೊಂದು ಹಿಂದೆ, ಓರೆಯಾಗಿ ಬರ್ತಿದೆ ಅಂದ್ರೆ ಮಾತೇ ಇಲ್ಲ, ಬಟನ್ ಬಿಟ್ಟುಬಿಡಿ. ಹಲ್ಲುಪಟ್ಟಿಯಲ್ಲಿ ಹಲ್ಲು ಮುರಿದಿರಬಹುದು, ಬೋಲ್ಟ್ ಕಿತ್ತಿರಬಹುದು, ಗಾಡಿ ಮಟ್ಟವಾಗಿ ನಿಲ್ಲದೆ ಚೌಕಟ್ಟು ತಿರುಚಿಕೊಂಡಿರಬಹುದು. ಗಾಡಿಯ ಮಟ್ಟ ಮಾತ್ರ ನೀವು ನೋಡಬಹುದು, ಉಳಿದದ್ದು ಬಲ್ಲವರಿಗೆ ಬಿಡಿ. ಇಲ್ಲಿ "ಇನ್ನೊಂದ್ಸಲ ಒತ್ತಿ ನೋಡೋಣ" ಅನ್ನೋದು ತುಂಬಾ ದುಬಾರಿ ಮಾತು.

ಎಲ್ಲಾ ಮಾಡಿದ್ರೂ ಬರಲಿಲ್ಲ, ಹೊರಡಲೇಬೇಕು ಅಂದಾಗ ಕೈಯಿಂದ ಒಳಗೆ ತರೋ ವ್ಯವಸ್ಥೆ ಹೆಚ್ಚಿನ ಗಾಡಿಗಳಲ್ಲಿ ಇದೆ. ಬಾಡಿಗೆ ಗಾಡಿ ಆದ್ರೆ ಇಲ್ಲಿಗೇ ನಿಲ್ಲಿಸಿ, ಕಂಪನಿಯ ರೋಡ್‌ಸೈಡ್ ನಂಬರಿಗೆ ಫೋನ್ ಮಾಡಿ, ಅವರು ಹೇಳಿದ್ದನ್ನ ಮಾತ್ರ ಮಾಡಿ. ಇಲ್ಲಾಂದ್ರೆ ನಿಮ್ಮ ಡೆಪಾಸಿಟ್ ಹೋಗುತ್ತೆ. ಸ್ವಂತ ಗಾಡಿ ಆದ್ರೆ ಮ್ಯಾನುವಲ್ ತೆಗೀರಿ. ಕೆಲವು ಪಂಪುಗಳಲ್ಲಿ ಮೋಟರಿನ ತುದಿಯಲ್ಲಿ ಒಂದು ಮುಚ್ಚಳ ಇರುತ್ತೆ. ಅದನ್ನ ತೆಗೆದು, ಸಂಬಂಧಪಟ್ಟ ವಾಲ್ವನ್ನ ಕೈಯಿಂದ ತೆರೆದು, ಬ್ಯಾಟರಿ ಡ್ರಿಲ್ ಹಾಕಿ ತಿರುಗಿಸಿದ್ರೆ ಮೋಟರ್ ಮಾಡೋ ಕೆಲಸವನ್ನ ಡ್ರಿಲ್ ಮಾಡುತ್ತೆ. ಯಾವ ದಿಕ್ಕಿಗೆ ತಿರುಗಿಸಬೇಕು ಅನ್ನೋದು ಮ್ಯಾನುವಲ್‌ನಲ್ಲಿ ಇರುತ್ತೆ, ಊಹೆ ಬೇಡ. ಇನ್ನು ಕೆಲವದರಲ್ಲಿ ವಾಲ್ವ್ ತೆರೆದು ಒತ್ತಡ ಬಿಡಿಸಿ, ನಾಲ್ಕು ಜನ ಸೇರಿ ಹೊರಗಿನಿಂದ ಸಮವಾಗಿ ತಳ್ಳಬೇಕು. ವಾಲ್ವ್ ತೆರೆದ ಕ್ಷಣದಿಂದ ರೂಮನ್ನ ಹಿಡಿದಿಟ್ಟಿರೋದು ಏನೂ ಇಲ್ಲ ಅಂತ ನೆನಪಿರಲಿ. ಗಾಡಿ ಸ್ವಲ್ಪ ವಾಲಿದ್ರೂ ಅದು ತಾನಾಗೇ ಸರಿಯುತ್ತೆ. ಅದರ ಕೆಳಗೆ ತೂರಬೇಡಿ, ಅಂಚಿಗೆ ಬೆರಳು ಕೊಡಬೇಡಿ. ರೂಮ್ ಒಳಗೆ ಬಂದ ಮೇಲೆ ತೆರೆದ ವಾಲ್ವುಗಳನ್ನ ಮತ್ತೆ ಮುಚ್ಚಿ. ಮುಚ್ಚದೆ ಹೊರಟ್ರೆ ಮೊದಲ ತಿರುವಿನಲ್ಲೇ ರೂಮ್ ಹೊರಗೆ ಬರೋಕೆ ನೋಡುತ್ತೆ, ಪಕ್ಕದ ಲೇನಲ್ಲಿ ಯಾರಿದಾರೋ ಗೊತ್ತಿಲ್ಲ.

ಆಗ ಫೋಟೋ ಬಗ್ಗೆ ಹೇಳಿದ್ನಲ್ಲ. ಮೆಕ್ಯಾನಿಕ್ಕಿಗೆ ಫೋನ್ ಮಾಡಿ "ಸ್ಲೈಡ್ ಬರ್ತಿಲ್ಲ" ಅಂದ್ರೆ ಅವನಿಗೆ ಏನೂ ತಿಳಿಯಲ್ಲ. ಅದರ ಬದಲು ಪಂಪಿನ ಲೇಬಲ್‌ನ ಫೋಟೋ, ಬಟನ್ ಒತ್ತಿದಾಗಿನ ಸದ್ದು ಕೇಳೋ ಹಾಗೆ ಇಪ್ಪತ್ತು ಸೆಕೆಂಡಿನ ವಿಡಿಯೋ, ಅದೇ ಹೊತ್ತಲ್ಲಿ ಮಲ್ಟಿಮೀಟರ್ ತೋರಿಸಿದ ಎರಡು ಅಂಕಿ, ಬ್ಯಾಟರಿ ಹತ್ತಿರದ್ದು ಮತ್ತು ಪಂಪಿನ ಹತ್ತಿರದ್ದು. ಇಷ್ಟು ಕಳಿಸಿದ್ರೆ ಅನುಭವ ಇರೋರು ಅರ್ಧ ಕೆಲಸ ಫೋನಲ್ಲೇ ಮುಗಿಸ್ತಾರೆ, ಬರೋವಾಗ ಸರಿಯಾದ ಸಾಮಾನೇ ತರ್ತಾರೆ. ಮ್ಯಾನುವಲ್‌ನ ಪಿಡಿಎಫ್ ಕೂಡ ಮನೆಯಿಂದ ಹೊರಡೋ ಮೊದಲೇ ಫೋನಿಗೆ ಡೌನ್‌ಲೋಡ್ ಮಾಡಿಟ್ಕೊಳ್ಳಿ. ಒಳ್ಳೊಳ್ಳೆ ಪಾರ್ಕುಗಳಲ್ಲೇ ನೆಟ್‌ವರ್ಕ್ ಇರಲ್ಲ.

ಇಳಿಜಾರಲ್ಲಿ ಗಾಡಿ ಮಟ್ಟ ಮಾಡೋದು ಮೊದಲಾ, ಸ್ಲೈಡ್ ತೆಗೆಯೋದು ಮೊದಲಾ ಅಂತ ಇಬ್ಬರು ಕೇಳುಗರು ಕೇಳಿದಾರೆ. ಕಂಪನಿಯಿಂದ ಕಂಪನಿಗೆ ಇದು ಬೇರೆ, ನಿಮ್ಮ ಮ್ಯಾನುವಲ್ ಏನು ಹೇಳುತ್ತೋ ಅದೇ ಸರಿ. ಮುಂದಿನ ವಾರ ಲೆವೆಲಿಂಗ್ ಜಾಕ್‌ಗಳ ಬಗ್ಗೆ ಮಾತಾಡೋವಾಗ ಇದನ್ನ ಇನ್ನಷ್ಟು ಬಿಡಿಸಿ ನೋಡೋಣ. ನಿಮ್ಮ ಪ್ರಶ್ನೆಗಳನ್ನ ವಾಯ್ಸ್ ಮೆಸೇಜಲ್ಲಿ ಕಳಿಸಿ, ಆದ್ರೆ ಪಂಪಿನ ಸದ್ದೂ ಸೇರಿಸಿ ಕಳಿಸಿ.